ಒದ್ದೆ ಕಾಲುಚೀಲದ ಕೇಬಲ್ಲು

ಇಯರ್‌ಫೋನಿನ ಕೇಬಲ್ಲು ಬದಲಾಯಿಸಿದರೆ ದನಿ ನಿಜವಾಗಿ ಬದಲಾಗುತ್ತದೆಯೇ ಎಂದು ಕಮೊಮೆ ಕಾಫಿ ಅಂಗಡಿಯಲ್ಲಿ ಕೇಳಿದವರಿಗೆ ಎರಡನೇ ಲೋಟ ನೀರು ಸಿಗುವುದಿಲ್ಲ. ಓಸಾಕಾದ ನಿಪ್ಪೊಂಬಾಶಿಯಲ್ಲಿ, ವಿದ್ಯುತ್ ಸಾಮಾನಿನ ಬೀದಿಯ ಬೆನ್ನಿಗೆ ಅಂಟಿಕೊಂಡಂತೆ ಇರುವ ಆ ಅಂಗಡಿಯ ಒಡತಿ ರಿತ್ಸುಕೊ ತುಂಬ ಮರ್ಯಾದೆಯ ಹೆಂಗಸು. ಆದರೆ ತಿಂಗಳಿಗೊಂದು ಭಾನುವಾರ ಒಳಗಿನ ಉದ್ದ ಮೇಜಿನ ಸುತ್ತ ಸೇರುವ ಕೇಬಲ್ ಕೂಟದವರನ್ನು ನೋಡಿ ಹೊರಗಿನವರು ಯಾರಾದರೂ ನಕ್ಕರೆ ಅವಳ ಮರ್ಯಾದೆ ಅಡುಗೆಮನೆಯೊಳಗೆ ಹೋಗಿ ಕೂರುತ್ತದೆ. ನಗುವ ಹಕ್ಕು ತನಗೊಬ್ಬಳಿಗೇ ಇದೆ ಎಂದು ಅವಳ ನಂಬಿಕೆ.

ಕೂಟದ ಕೆಲಸ ಸರಳ. ಕಿವಿಯೊಳಗೆ ಆಳಕ್ಕೆ ಕೂರುವ ಒಂದು ಜೊತೆ ಒಳ್ಳೆಯ ಇಯರ್‌ಫೋನು ಕೂಟದ ಆಸ್ತಿ. ಅದರ ಕೇಬಲ್ಲನ್ನು ಕಿತ್ತು ಬೇರೆಯದನ್ನು ಸಿಕ್ಕಿಸಬಹುದು. ಪ್ರತಿಯೊಬ್ಬರೂ ತಮ್ಮ ಕೇಬಲ್ಲು ತರುತ್ತಾರೆ: ತಾಮ್ರದ್ದು, ಬೆಳ್ಳಿಯದು, ಬೆಳ್ಳಿಯ ನೀರು ಹೊದೆಸಿದ ತಾಮ್ರದ್ದು, ಚಿನ್ನ ಬೆರೆಸಿದ್ದೆಂದು ಮಾರಿದವನು ಆಣೆ ಮಾಡಿದ್ದು. ಇಯರ್‌ಫೋನು ಅದೇ, ಹಾಡು ಅದೇ, ಒಂದು ಹೆಣ್ಣಿನ ದನಿ ಮತ್ತು ಒಂದು ಗಿಟಾರು. ಬದಲಾಗುವುದು ಕೇಬಲ್ಲು ಮಾತ್ರ. ಕಿವಿಗೆ ತಾಗುವ ರಬ್ಬರ್ ಬಿರಟೆಗಳನ್ನು ಮಾತ್ರ ಪ್ರತಿಯೊಬ್ಬರೂ ಪುಟ್ಟ ಡಬ್ಬಿಯಲ್ಲಿ ತಮ್ಮದನ್ನೇ ತರುತ್ತಾರೆ, ಹಲ್ಲುಜ್ಜುವ ಬ್ರಷ್ಷಿನ ಹಾಗೆ. ಸುತ್ತಿನಲ್ಲಿ ಎಲ್ಲರೂ ಕೇಳಿ ಆದಮೇಲೆ ಕೊನೆಗೆ ಇಸೊಬೆ ಮೇಷ್ಟರು ಕೇಳುತ್ತಾರೆ. ಆದರೆ ಬಾಯಿ ಬಿಡುವವರಲ್ಲಿ ಮೊದಲಿಗರು ಅವರೇ. ಅವರು ಮಾತಾಡುವವರೆಗೆ ಉಳಿದವರ ಬಾಯಿಗೆ ಬೀಗ.

ಇಸೊಬೆ ಮೇಷ್ಟರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಮನೆಮನೆಗೆ ಹೋಗಿ ಪಿಯಾನೊಗಳಿಗೆ ಶ್ರುತಿ ಕೂರಿಸುತ್ತಿದ್ದವರು. ಸೊಂಟ ಹಿಡಿದುಕೊಂಡಿತು ಎಂದು ಆ ಕೆಲಸ ಬಿಟ್ಟು ಬಹಳ ವರ್ಷಗಳಾಗಿದ್ದವು. ಅವರು ಕೇಬಲ್ಲುಗಳನ್ನು ಕೇಳಿ ಹೇಳುವ ಮಾತಿಗಾಗಿಯೇ ಜನ ಕೂಟಕ್ಕೆ ಬರುತ್ತಿದ್ದರು ಎಂದರೆ ತಪ್ಪಲ್ಲ. ಒಮ್ಮೆ ಒಂದು ಬೆಳ್ಳಿ ಕೇಬಲ್ಲಿಗೆ ಕಣ್ಣು ಮುಚ್ಚಿ ಹೀಗೆಂದಿದ್ದರು: "ಇದು ಎರಡನೇ ದಿನದ ಓದೆನ್ ಸಾರು. ಒಂದೇ ಪಾತ್ರೇಲಿ ರಾತ್ರಿಯೆಲ್ಲ ಇದ್ದೂ ಇದ್ದೂ ಮೂಲಂಗಿ ಗುಟ್ಟು ಮೊಟ್ಟೆಗೆ ಗೊತ್ತಾಗಿದೆ, ಮೊಟ್ಟೆ ಗುಟ್ಟು ಮೂಲಂಗಿಗೆ." ಆ ಕೇಬಲ್ಲಿನವನು ಅದನ್ನು ತನ್ನ ಮಗಳ ಮದುವೆಯಲ್ಲೂ ಹೇಳಿಕೊಂಡನಂತೆ.

ಹೊಗಳಿಕೆ ಹಾಗಿದ್ದರೆ ತೆಗಳಿಕೆ ಇನ್ನೂ ಜೋರು, ಮತ್ತು ಅದು ಹೆಸರಾಗಿ ಅಂಟಿಕೊಳ್ಳುತ್ತಿತ್ತು. ಪುರಸಭೆಯ ಗ್ರಂಥಾಲಯದಲ್ಲಿ ಕೆಲಸ ಮಾಡುವ ಚಿನತ್ಸು ತಂದ ಮೊದಲ ಕೇಬಲ್ಲಿಗೆ ಉಪ್ಪಿಲ್ಲ, ಹುಳಿಯಿಲ್ಲ ಎಂದರು; ಅಂದಿನಿಂದ ಅವಳು ತೊಫು, ಸಪ್ಪೆ ಸೋಯಾ ಗಿಣ್ಣು. ಬಸ್ ಓಡಿಸುವ ಕುವಹರ ತನ್ನ ಚಿನ್ನ ಬೆರೆತ ಕೇಬಲ್ಲನ್ನು ಹೆಂಡತಿಗೆ ಕಾಣದಂತೆ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದನ್ನು ಮೇಷ್ಟರು ಅದರ ದನಿ ಕೇಳಿಯೇ ಕಂಡುಹಿಡಿದಿದ್ದರು. ಕೇಬಲ್ಲಿಗೆ ಅಂಟಿದ್ದ ತೌಡು ನೋಡಿ ಎಂದು ಆಮೇಲೆ ಗೊತ್ತಾಯಿತು, ಆದರೆ ಅಷ್ಟರಲ್ಲಿ ಅವನು ಅಕ್ಕಿಡಬ್ಬ ಆಗಿಹೋಗಿದ್ದ. ಸದಾ ಬುಸುಗುಡುವ ರಿತ್ಸುಕೊಳನ್ನೂ ಬಿಟ್ಟಿರಲಿಲ್ಲ, ಅವಳು ಕೆಟಲು. ಕೂಟದಲ್ಲಿ ಹೆಸರಿಲ್ಲದವರು ಮೇಷ್ಟರೊಬ್ಬರೇ.

ತೊಕುಜಿಯ ಹೆಸರು ಕಾಲುಚೀಲ.

ತೊಕುಜಿ ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವವನು. ಕೂಟಕ್ಕೆ ಸೇರಿ ಎರಡು ವರ್ಷವಾಗಿತ್ತಷ್ಟೇ. ದಿನವಿಡೀ ಸಣ್ಣ ಸಾಮಾನಿನಲ್ಲೇ ಬದುಕುವ ಕೈ ಅವನದು, ಹಾಗಾಗಿ ಅಂಗಡಿಯ ಕೇಬಲ್ಲು ಕೊಳ್ಳದೆ ತಾನೇ ಹೆಣೆದ. ಕೂದಲೆಳೆಯಂಥ ತಾಮ್ರದ ತಂತಿಗಳನ್ನು ಚಳಿಗಾಲವೆಲ್ಲ ಕೂತು ಜಡೆ ಹಾಕಿದ, ತುದಿಗಳನ್ನು ಬೆಸೆದ, ಬಿಚ್ಚಿದ, ಮತ್ತೆ ಬೆಸೆದ. ವಸಂತದಲ್ಲಿ ಅದನ್ನು ಕಮೊಮೆಗೆ ತಂದಾಗ ಅವನ ಎದೆ ಮೊದಲ ದಿನ ಶಾಲೆಗೆ ಮಗುವನ್ನು ಬಿಡುವ ತಾಯಿಯದರಂತೆ ಹೊಡೆದುಕೊಳ್ಳುತ್ತಿತ್ತು. ಮೇಷ್ಟರು ಕೇಳಿದರು. ಕಣ್ಣು ತೆರೆದರು.

"ಕಾಲುಚೀಲ" ಎಂದರು. "ಒದ್ದೆ ಕಾಲುಚೀಲ. ವಾಶಿಂಗ್ ಮಶೀನಿಂದ ತೆಗೆದು ಹಿಂಡೋದು ಮರ್ತಿದಾರೆ. ನೀರು ತೊಟ್ಟಿಕ್ತಾ ಇದೆ ನೋಡ್ರೋ, ಮೇಜು ಒರೆಸ್ಕೊಳ್ಳಿ!"

ಕುವಹರ ನಿಜವಾಗಿಯೂ ಕರವಸ್ತ್ರ ತೆಗೆದು ಮೇಜು ಒರೆಸಿದ. ಚಿನತ್ಸು ನಗು ತಡೆಯಲಾರದೆ ಹಣೆಯನ್ನು ಮೇಜಿಗೆ ಇಟ್ಟುಕೊಂಡಳು. ತೊಕುಜಿಯೂ ಹಲ್ಲು ಕಿರಿದ. ಓಸಾಕಾದಲ್ಲಿ ಹುಟ್ಟಿದವನು ತನ್ನ ಮೇಲಿನ ತಮಾಷೆಗೆ ನಗದಿದ್ದರೆ ಊರು ಬಿಡಬೇಕಾಗುತ್ತದೆ. ಆದರೆ ಒಳಗೊಳಗೇ ಉರಿದುಹೋದ. ಅದಕ್ಕಿಂತ ದೊಡ್ಡ ನೋವೆಂದರೆ ಮೇಷ್ಟರ ಮೇಲಿನ ಸಾಲಿನ ಹಲ್ಲು ತೊಕುಜಿಯೇ ಮಾಡಿಕೊಟ್ಟದ್ದು. ತಾನು ಮಾಡಿದ ಹಲ್ಲಿನಿಂದಲೇ ಕಚ್ಚಿಸಿಕೊಂಡ ಹಾಗಾಯಿತು ಅವನಿಗೆ.

ಹೆಸರು ಅಲ್ಲಿಗೇ ನಿಲ್ಲಲಿಲ್ಲ. ಕುವಹರ ಸಿಗ್ನಲ್ಲಿನಲ್ಲಿ ಬಸ್ಸು ನಿಲ್ಲಿಸಿಕೊಂಡು ಕಿಟಕಿಯಿಂದ "ಏಯ್ ಕಾಲುಚೀಲ!" ಎಂದು ಕೂಗುವನು, ಬಸ್ಸಿನಲ್ಲಿದ್ದವರೆಲ್ಲ ರಸ್ತೆಯಲ್ಲಿದ್ದ ತೊಕುಜಿಯ ಕಾಲು ನೋಡುವರು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ ಫೋನು ಮಾಡುವ ಹುಡುಗಿ ಕೂಡ ಒಂದು ದಿನ "ಕಾಲುಚೀಲ ಅವರಾ? ಅಯ್ಯೋ, ಕ್ಷಮಿಸಿ" ಎಂದಳು.

"ಆ ಮುದುಕನಿಗೆ ನಿಜವಾಗ್ಲೂ ಏನಾದ್ರೂ ಕೇಳ್ಸುತ್ತಾ, ಇಲ್ಲಾ ಬಾಯಿಗೆ ಬಂದಿದ್ದು ಹೇಳ್ತಾರಾ?" ಎಂದು ತೊಕುಜಿ ಮನೆಯಲ್ಲಿ ಹೆಂಡತಿಯ ಮುಂದೆ ಕೂಗಾಡಿದ.

"ಎರಡೂ ಇದ್ರೂ ಇರ್ಬೋದು" ಎಂದಳು ಅವಳು, ಬಟ್ಟೆ ಮಡಿಸುತ್ತ. "ಇದೋ ನಿಮ್ಮ ಕಾಲುಚೀಲ, ಒಣಗಿದೆ."

ಮೇಷ್ಟರ ಬಗ್ಗೆ ಅವನಿಗೆ ಇನ್ನೂ ಒಂದು ದೂರಿತ್ತು. ಕೂಟ ಮುಗಿದ ಮೇಲೆ ಇಬ್ಬರೂ ಒಂದೇ ದಾರಿಯಲ್ಲಿ ಮೆಟ್ರೊ ನಿಲ್ದಾಣಕ್ಕೆ ನಡೆಯುತ್ತಿದ್ದರು. ತೊಕುಜಿ ಅವರ ಎಡಗಡೆ ನಡೆಯುತ್ತ ದಾರಿಯುದ್ದಕ್ಕೂ ತಂತಿ, ಬೆಸುಗೆ, ಹಲ್ಲು, ಹೆಂಡತಿ ಎಂದು ಏನೇನೋ ಹೇಳುತ್ತಿದ್ದ. ಮೇಷ್ಟರು ಒಮ್ಮೆಯಾದರೂ ಹೂಂ ಅನ್ನುತ್ತಿರಲಿಲ್ಲ. ನಗುಮುಖ ಮಾಡಿಕೊಂಡು ಮುಂದೆ ನೋಡುತ್ತ ನಡೆಯುವರು. ಇಷ್ಟು ದೊಡ್ಡಸ್ತಿಕೆಯೇ, ಎಂದು ತೊಕುಜಿಗೆ ಅನಿಸುತ್ತಿತ್ತು.

ಸೇಡಿನ ದಾರಿ ಅವನಿಗೆ ಕಂಡದ್ದು ಒಂದು ಕೈತಪ್ಪಿನಿಂದ. ಅವನ ಕೇಬಲ್ಲಿನ ಕಿವಿಯ ಕಡೆಯ ಎರಡು ತುದಿಗಳಲ್ಲೂ ಪುಟ್ಟ ಪ್ಲಗ್ಗುಗಳು, ಪ್ರತಿ ಪ್ಲಗ್ಗಿಗೆ ಸೂಜಿಮೊನೆಯಂಥ ಎರಡು ಕಡ್ಡಿಗಳು. ಅವು ಇಯರ್‌ಫೋನಿನ ಎರಡು ತೂತಿಗೆ ಹೋಗಿ ಕೂರಬೇಕು. ತೊಂದರೆ ಏನೆಂದರೆ ಪ್ಲಗ್ಗು ತಿರುವಿ ಹಾಕಿದರೂ ಕೂರುತ್ತದೆ. ಸರಿಯಾದ ಮುಖ ಯಾವುದೆಂದು ತಿಳಿಯಲಿ ಎಂದೇ ಅದರ ಮೇಲೆ ಸಾಸಿವೆ ಕಾಳಿನಷ್ಟು ಒಂದು ಉಬ್ಬು ಇರುತ್ತದೆ, ಅದು ಹೊರಮುಖವಾಗಿರಬೇಕು. ಒಂದು ದಿನ ಮನೆಯಲ್ಲಿ, ತನ್ನದೇ ಇಯರ್‌ಫೋನಿಗೆ, ಅವಸರದಲ್ಲಿ ಎಡಗಡೆಯದನ್ನು ತೊಕುಜಿ ತಿರುವಿ ಹಾಕಿಬಿಟ್ಟ. ಹಾಡು ಹಾಕಿದ ಕೂಡಲೆ ಬೆಚ್ಚಿಬಿದ್ದ. ಎರಡೂ ಕಿವಿಗಳ ನಟ್ಟನಡುವೆ ನಿಂತು ಹಾಡಬೇಕಾದ ಹೆಂಗಸು ಇದ್ದಕ್ಕಿದ್ದಂತೆ ಅಲ್ಲಿಂದ ಮಾಯ. ದನಿ ಎರಡು ಹೋಳಾಗಿ ತಲೆಯ ಹಿಂದೆ ಎಲ್ಲೋ ತೇಲುತ್ತಿತ್ತು. ಒಂದು ಕಿವಿಯಲ್ಲಿ ಗಾಳಿ ತಳ್ಳುವ ಹೊತ್ತಿಗೆ ಇನ್ನೊಂದರಲ್ಲಿ ಎಳೆಯುತ್ತಿದ್ದರೆ ಆಗುವುದೇ ಹಾಗೆ. ಕೇಬಲ್ಲು ಕೇಬಲ್ಲಿನ ನಡುವಿನ ವ್ಯತ್ಯಾಸ ಗೊತ್ತಾಗದ ಕಿವಿ ಇರಬಹುದು, ಆದರೆ ಇದು ಗೊತ್ತಾಗದ ಕಿವಿ ಈ ಭೂಮಿಯ ಮೇಲೆ ಇಲ್ಲ.

ತೊಕುಜಿ ಒಬ್ಬನೇ ಕೂತು ಗಟ್ಟಿಯಾಗಿ ನಕ್ಕ. ನವೆಂಬರಿನ ಕೂಟ ವರ್ಷದ ದೊಡ್ಡ ಕೂಟ. ಅಂದು ಮೇಷ್ಟರು ಒಪ್ಪಿದ ಕೇಬಲ್ಲು ಕಮೊಮೆಯ ಗಲ್ಲಾಪೆಟ್ಟಿಗೆಯ ಪಕ್ಕದ ಹಿತ್ತಾಳೆ ಕೊಕ್ಕೆಯಲ್ಲಿ ಒಂದು ವರ್ಷ ತೂಗುತ್ತದೆ, ಒಡೆಯನ ಹೆಸರಿನ ಚೀಟಿಯೊಂದಿಗೆ. ಅಂದೇ ಈ ತಿರುವು ಪ್ಲಗ್ಗನ್ನು ಅವರ ಕಿವಿಗೆ ಕೊಡುವುದು. ಅವರು ಹೊಗಳಲಿ, ತೆಗಳಲಿ, ಯಾವ ತಿಂಡಿಯ ಹೆಸರನ್ನಾದರೂ ಹೇಳಲಿ. ಪ್ಲಗ್ಗು ತಿರುವಿದೆ ಎನ್ನದೆ ಹೋದರೆ ಎದ್ದು ನಿಂತು ಎಲ್ಲರ ಮುಂದೆ ತೋರಿಸಿಬಿಡುವುದು. ಆಮೇಲೆ ಯಾರು ಕಾಲುಚೀಲ ನೋಡೋಣ.

ಆ ಭಾನುವಾರ ತೊಕುಜಿ ಹೋದಾಗ ಎಲ್ಲರೂ ಬಂದಾಗಿತ್ತು. ಮೇಷ್ಟರು ಎಂದಿನಂತೆ ಮೇಜಿನ ನಡುವೆ. ಅವರ ಬಲಗಡೆಯ ಕುರ್ಚಿಗಾಗಿ ಕುವಹರ, ಚಿನತ್ಸು ಎಂದಿನಂತೆ ಮೊಣಕೈಯಲ್ಲಿ ತಿವಿದಾಡುತ್ತಿದ್ದರು. ಎಡಗಡೆಯ ಕುರ್ಚಿಯ ಮೇಲೆ ಎಂದಿನಂತೆ ರಿತ್ಸುಕೊಳ ಹಳೆಯ ಪತ್ರಿಕೆಗಳ ಕಟ್ಟು. ಬಲಗಡೆ ಕೂರುವುದು ಏನೋ ಗೌರವ ಎಂದು ತೊಕುಜಿ ತಿಳಿದಿದ್ದ. ಅವನಿಗೆ ಅದು ಒಮ್ಮೆಯೂ ಸಿಕ್ಕಿರಲಿಲ್ಲ. ಇಂದು ಬೇಕಿರಲೂ ಇಲ್ಲ. ಮೇಷ್ಟರ ಮುಖ ಚೆನ್ನಾಗಿ ಕಾಣಲಿ ಎಂದು ಎದುರಿಗೇ ಕೂತ.

"ಬಂದ್ಯಾ ಕಾಲುಚೀಲ? ಈ ಸಲನಾದ್ರೂ ಹಿಂಡ್ಕೊಂಡು ಬಂದಿದ್ಯಾ?" ಎಂದರು ಮೇಷ್ಟರು.

"ಬಿಸಿಲಿಗೆ ಹಾಕಿ ತಂದಿದೀನಿ, ಮೇಷ್ಟ್ರೇ."

ಕುವಹರನ ಕೇಬಲ್ಲಿಗೆ "ಜೇಬಲ್ಲಿ ಮರೆತ ಚಾಕೊಲೇಟು" ಎಂದು ತೀರ್ಪಾಯಿತು. ಚಿನತ್ಸುವಿನ ಬೆಳ್ಳಿಯದು ಪರವಾಗಿಲ್ಲ, "ತೊಫು ಮೇಲೆ ಶುಂಠಿ ಬಿದ್ದಿದೆ" ಎನಿಸಿಕೊಂಡಿತು. ಅವಳು ಕೆಂಪಾಗಿ ಮಿಕ್ಸ್ ಜ್ಯೂಸಿನ ಸ್ಟ್ರಾ ಕಚ್ಚಿದಳು. ಆಮೇಲೆ ತೊಕುಜಿಯ ಸರದಿ. ಕೇಬಲ್ಲನ್ನು ಅವನೇ ಸಿಕ್ಕಿಸಿದ. ಬಲಗಡೆಯ ಉಬ್ಬು ಹೊರಕ್ಕೆ, ಎಡಗಡೆಯದು ಒಳಕ್ಕೆ.

ಕುವಹರ ಮೊದಲು ಹಾಕಿಕೊಂಡ. ಹಾಡು ಶುರುವಾದ ಕ್ಷಣ ಅವನ ಹುಬ್ಬು ಕೂದಲಿಗೆ ತಾಗುವಷ್ಟು ಮೇಲೆ ಹೋಯಿತು. ತೊಕುಜಿಯನ್ನು ಒಂದು ಥರ ನೋಡಿದ. ಬಾಯಿ ತೆರೆದ, ನಿಯಮ ನೆನಪಾಗಿ ಮುಚ್ಚಿದ. ಚಿನತ್ಸು ಕೇಳಿ, ಯಾರೋ ಬೆನ್ನ ಹಿಂದೆ ಬಂದು ನಿಂತ ಹಾಗೆ ಹಿಂದಕ್ಕೆ ತಿರುಗಿ ನೋಡಿದಳು. ಕೆಟಲು ಹಿಡಿದು ನಿಂತಿದ್ದ ರಿತ್ಸುಕೊ ಕೂಡ "ಕೊಡಿಲ್ಲಿ" ಎಂದು ಒಂದು ನಿಮಿಷ ಕೇಳಿ ಮುಖ ಸಿಂಡರಿಸಿದಳು. ಭೇಷ್, ಎಂದುಕೊಂಡ ತೊಕುಜಿ. ಮೂವರಿಗೂ ಗೊತ್ತಾಗಿದೆ.

ಮೇಷ್ಟರು ಇಯರ್‌ಫೋನು ಕೈಗೆ ತೆಗೆದುಕೊಂಡರು. ತಮ್ಮ ಡಬ್ಬಿಯಿಂದ ಬಿರಟೆ ತೆಗೆದು, ನಿಧಾನವಾಗಿ ಒಂದೊಂದೇ ಹಾಕಿ, ಹಾಗೆಯೇ ಬೆರಳಲ್ಲಿ ಸವರಿ, ಕಿವಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಹಾಡು ಪೂರ್ತಿ ಕೇಳಿದರು. ಯಾವ ಕೇಬಲ್ಲಿಗೂ ಅವರು ಅಷ್ಟು ಹೊತ್ತು ಕೊಟ್ಟಿರಲಿಲ್ಲ. ಕೊನೆಗೆ ಕಣ್ಣು ತೆರೆಯದೆ ಹೇಳಿದರು:

"ಆಹಾ. ಹಾಡೋಳು ನಟ್ಟನಡುವೆ ನಿಂತಿದಾಳೆ. ಕಂಬ ನೆಟ್ಟ ಹಾಗೆ. ಇಷ್ಟು ಗಟ್ಟಿಯಾಗಿ ನಡುವೆ ನಿಂತಿದ್ದು ಈ ಮೇಜಿನ ಮೇಲೆ ನಾನು ಕೇಳೇ ಇಲ್ಲ."

ತೊಕುಜಿ ಅರ್ಧ ಎದ್ದಿದ್ದ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಲ್ಲೇ ಏನೋ ತಡೆಯಿತು. ಬರೀ ಬೊಗಳೆ ಬಿಡುವವನು ಎಲ್ಲಿಗೂ ಹೊಂದುವ ಮಾತಾಡುತ್ತಾನೆ, ಆಳವಿದೆ, ಗಾಳಿಯಾಡುತ್ತಿದೆ, ಎಂದೆಲ್ಲ. ನಡುವೆ ಯಾರೂ ಇಲ್ಲದಿರುವಾಗ ನಡುವೆ ನಿಂತಿದ್ದಾಳೆ ಎಂದು ಎರಡು ಕಿವಿಯ ಮನುಷ್ಯ ಸುಳ್ಳಿಗಾದರೂ ಹೇಳಲಾರ. ಮೇಜಿನ ಕೆಳಗೆ ಕುವಹರನ ಬೂಟು ಅವನ ಕಾಲ ಮೇಲೆ ಬಲವಾಗಿ ಬಿತ್ತು. ಚಿನತ್ಸು ತಲೆಯನ್ನು ಸಣ್ಣಗೆ ಅಡ್ಡಡ್ಡ ಆಡಿಸುತ್ತಿದ್ದಳು. ಮೇಷ್ಟರ ಬೆನ್ನ ಹಿಂದೆ ರಿತ್ಸುಕೊ ಕೆಟಲನ್ನು ಎತ್ತಿ ಹಿಡಿದಿದ್ದಳು, ಇನ್ನೊಂದು ಮಾತಾಡಿದರೆ ಸುರಿದುಬಿಡುವವಳಂತೆ. ಅವಳ ಪಕ್ಕದಲ್ಲಿ, ಮೇಷ್ಟರ ಎಡಕ್ಕೆ, ಪತ್ರಿಕೆ ಹೇರಿದ ಕುರ್ಚಿ. ಮೇಷ್ಟರ ಕಾಫಿ ಬಲಕ್ಕೆ, ನೀರು ಬಲಕ್ಕೆ, ಜನ ಬಲಕ್ಕೆ.

"ಏನೋ ಕಾಲುಚೀಲ, ಎದ್ದು ನಿಂತ್ಬಿಟ್ಟೆ?" ಮೇಷ್ಟರು ಈಗ ಕಣ್ಣು ತೆರೆದು ಅವನನ್ನೇ ನೋಡುತ್ತಿದ್ದರು. "ಏನಾದ್ರೂ ಹೇಳೋದಿದ್ಯಾ? ಹೇಳು, ಹೇಳು."

"ಟಾಯ್ಲೆಟ್ಟಿಗೆ ಹೋಗ್ಬೇಕು, ಮೇಷ್ಟ್ರೇ" ಎಂದ ತೊಕುಜಿ.

ಟಾಯ್ಲೆಟ್ಟಿನ ಬಾಗಿಲ ಹತ್ತಿರ ಕುವಹರ ಬಂದು ಅವನ ಕುತ್ತಿಗೆ ಪಟ್ಟಿ ಹಿಡಿದುಕೊಂಡ.

"ಕೊಬ್ಬಾ ನಿಂಗೆ? ಬೇಕಂತಲೇ ತಿರುವಿ ಹಾಕಿದ್ಯಾ?"

"ಹೂಂ. ಆದ್ರೆ... ಅವ್ರಿಗೆ..."

"ಎಡಗಿವಿ ಇಲ್ಲ ಕಣಯ್ಯ. ಒಂದಿನ ಬೆಳಿಗ್ಗೆ ಎದ್ದಾಗ ಅಂಗಡಿ ಶಟರ್ ಎಳೆದ ಹಾಗೆ ಮುಚ್ಕೊಂಡ್ಬಿಟ್ಟಿತ್ತಂತೆ. ಪಿಯಾನೊ ಕೆಲಸ ಬಿಟ್ಟಿದ್ದೂ ಅದಕ್ಕೇನೇ, ಸೊಂಟಕ್ಕಲ್ಲ. ರಿತ್ಸುಕೊ ಅಕ್ಕ ಮೊದಲು ಕಂಡುಹಿಡಿದಳು. ಅವರು ಬಾಯಿಬಿಟ್ಟು ಹೇಳಿಲ್ಲ, ನಾವು ಕೇಳಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳೋದೂ ಒಂದೇ, ನನ್ನ ಬಸ್ಸಿನ ಮೈಕಲ್ಲಿ ಹೇಳೋದೂ ಒಂದೇ" ಎಂದ ಕುವಹರ. ಆಮೇಲೆ ಅವನ ದನಿ ತಗ್ಗಿತು. "ಈ ಮೇಜು ಬಿಟ್ರೆ ಅವ್ರಿಗೆ ಬೇರೇನಿದೆ ಹೇಳು? ಬಾ, ಬಂದು ಬಾಯಿ ಮುಚ್ಕೊಂಡು ಗೆಲ್ಲು."

ಗೆಲ್ಲಲೇಬೇಕಾಯಿತು. ಕುವಹರ, ನಡುವೆ ಅಂದರೆ ನಡುವೆ, ಅಳತೆಪಟ್ಟಿ ಇಟ್ಟು ನಿಲ್ಲಿಸಿದ ಹಾಗೆ ಎಂದ. ಚಿನತ್ಸು, ಹೌದು ಮೇಷ್ಟ್ರೇ, ನನಗಂತೂ ಅವಳ ಮೂಗೂ ಕಾಣಿಸಿತು ಎಂದಳು. ರಿತ್ಸುಕೊ ಕೊಕ್ಕೆಯಿಂದ ಹಳೆಯ ಕೇಬಲ್ಲು ಇಳಿಸಿ, ಎಡಗಡೆ ತಿರುವಿದ ಪ್ಲಗ್ಗಿನ ಸಮೇತ ಇಯರ್‌ಫೋನನ್ನೇ ಅಲ್ಲಿ ತೂಗುಹಾಕಿದಳು. ಚಪ್ಪಾಳೆಯಾಯಿತು. ತೊಕುಜಿ ಸೊಂಟ ಬಗ್ಗಿಸಿ ವಂದಿಸಿದ. ಜೀವನದಲ್ಲಿ ಅಷ್ಟು ಆಸೆಪಟ್ಟ ಗೆಲುವು ಬಾಯಲ್ಲಿ ಮರದ ಪುಡಿಯಂತಿತ್ತು. ನಾಚಿಕೆಯಿಂದ ಅವನ ಕಿವಿಗಳೆರಡೂ ಬಿಸಿಯಾಗಿದ್ದವು, ಎರಡೂ ಇದ್ದುದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಕೂಟ ಮುಗಿದ ಮೇಲೆ ಇಬ್ಬರೂ ಎಂದಿನಂತೆ ನಿಲ್ದಾಣದ ಕಡೆ ಹೊರಟರು. ಬೀದಿಗೆ ಬಂದ ಕೂಡಲೆ ತೊಕುಜಿ ಮೇಷ್ಟರ ಹಿಂದಿನಿಂದ ಸುತ್ತಿ ಬಂದು ಬಲಗಡೆ ಸೇರಿಕೊಂಡ.

ಮೇಷ್ಟರು ನಿಂತುಬಿಟ್ಟರು.

"ನೀನೂ ಶುರು ಮಾಡ್ದಾ?" ಎಂದರು.

"ಏನು ಮೇಷ್ಟ್ರೇ?"

"ಎರಡು ವರ್ಷದಿಂದ ನೀನೊಬ್ನೇ ಕಣೋ ನನ್ನ ಎಡಗಡೆ ನಡೀತಿದ್ದೋನು. ಒಂದಕ್ಷರ ಕೇಳಿಸ್ತಿರ್ಲಿಲ್ಲ. ಆದ್ರೆ ಆ ಕಡೆ ಯಾರೋ ಇದಾರೆ, ಕೈ ಬೀಸ್ಕೊಂಡು ಏನೋ ಒದರ್ತಾ ಇದಾರೆ ಅನ್ನೋದೇ ಒಂದು ಸುಖ. ಇವತ್ತಿಗೆ ಅದೂ ಹೋಯ್ತು. ಅಕ್ಕಿಡಬ್ಬ ಹೇಳಿದ್ನಾ?"

ತೊಕುಜಿ ಹೌದೆಂದು ತಲೆಯಾಡಿಸಿದ. ಸುಳ್ಳು ಹೇಳಿ ಇನ್ನು ಪ್ರಯೋಜನವಿರಲಿಲ್ಲ. "ತಪ್ಪಾಯ್ತು ಮೇಷ್ಟ್ರೇ. ಆ ಪ್ಲಗ್ಗು... ನಾನು ಬೇಕಂತಲೇ..."

"ಗೊತ್ತು. ಉಬ್ಬು ಒಳಗಡೆಗಿತ್ತು." ಮೇಷ್ಟರು ತೋರುಬೆರಳನ್ನು ಎತ್ತಿ ಅವನ ಮೂಗಿನ ಮುಂದೆ ಹಿಡಿದರು. "ಬಿರಟೆ ಹಾಕುವಾಗ್ಲೇ ಸಿಕ್ತು. ಪಿಯಾನೊ ಹೊಟ್ಟೆಯೊಳಗೆ ಕೈ ಹಾಕಿ ಬದುಕಿದ ಬೆರಳು ಇದು. ಕಿವಿ ಕೈಕೊಟ್ಟಿದೆ, ಬೆರಳು ಕೊಟ್ಟಿಲ್ಲ."

"ಗೊತ್ತಿದ್ರೆ ಮತ್ತೆ... ತಿರುವಿದೆ ಅಂತ ಹೇಳಿದ್ರೆ ನಾನೇ ಸಿಕ್ಕಿಬೀಳ್ತಿದ್ದೆ!"

"ಹೂಂ. ನೀನು ಸಿಕ್ಕಿಬೀಳ್ತಿದ್ದೆ, ನಾನು ಮತ್ತೆ ದೊಡ್ಡ ಮನುಷ್ಯ ಆಗ್ತಿದ್ದೆ. ಸಾಕಾಗಿದೆ ಮಾರಾಯ. ಅದಕ್ಕೇ ನಡುವೆ ನಿಂತಿದಾಳೆ ಅಂದೆ. ಇದಕ್ಕಿಂತ ದೊಡ್ಡ ತಪ್ಪು ಹೇಳೋಕೆ ಸಾಧ್ಯಾನೇ ಇರ್ಲಿಲ್ಲ. ನೀನು ಎದ್ದು ನಿಂತೆ. ಸದ್ಯ, ಒಬ್ಬನಾದ್ರೂ ಗಂಡು ಹುಟ್ಟಿದಾನೆ, ಈಗ ಬಯ್ತಾನೆ, ಎಲ್ಲರ ಮುಂದೆ ಹೇಳ್ತಾನೆ, ಜಗಳ ಆಗತ್ತೆ, ಹಗುರ ಆಗ್ತೀನಿ ಅಂತ ಕಾದೆ. ನೀನು ಟಾಯ್ಲೆಟ್ಟಿಗೆ ಹೋದೆ!"

ಸೈಕಲ್ ಮೇಲೆ ಬಂದ ಹೆಂಗಸೊಬ್ಬಳು ಇಬ್ಬರನ್ನೂ ಬೈದುಕೊಂಡು ಸುತ್ತಿ ಹೋದಳು. ಮೇಷ್ಟರು ಗೋಡೆಯ ಕಡೆಗೆ ಸರಿದರು.

"ಎಲ್ಲರಿಗೂ ಹೆಸರಿಟ್ಟೆ. ಯಾಕೆ ಅಂದ್ಕೊಂಡೆ? ತಿರುಗಿ ನಂಗೂ ಒಂದಿಡ್ತಾರೆ ಅಂತ. ಎಷ್ಟು ಉರಿಸಿದ್ರೂ ಇಡಲ್ಲ ಅವ್ರು. ಕಿವಿ ಹೋದಾಗಿನಿಂದ ನನ್ನ ಜೊತೆ ಒಬ್ಬರೂ ವಾದ ಮಾಡಿಲ್ಲ ಕಣೋ. ನಾನು ಬೂದಿ ಅಂದ್ರೆ ಬೂದಿ, ಬೆಣ್ಣೆ ಅಂದ್ರೆ ಬೆಣ್ಣೆ. ಗಾಜಿನ ಸಾಮಾನು ಎತ್ತಿಟ್ಟ ಹಾಗೆ ಎತ್ತಿಟ್ಬಿಟ್ಟಿದಾರೆ. ಒಳ್ಳೇ ಜನ, ಬಹಳ ಒಳ್ಳೇ ಜನ. ಅದಕ್ಕೇ ಏನೂ ಅನ್ನೋಕಾಗಲ್ಲ." ಆಮೇಲೆ ಅವರು ಕಳ್ಳನಂತೆ ನಕ್ಕರು. "ಅಂದ್ಹಾಗೆ ನಿನ್ನ ಕೇಬಲ್ಲು ಪರವಾಗಿಲ್ಲ. ಬಲಗಡೆ ಅರ್ಧ ಚೆನ್ನಾಗಿದೆ. ಎಡಗಡೆ ಅರ್ಧದ ಬಗ್ಗೆ ಬೇರೆಯವರನ್ನ ಕೇಳು."

ಆ ತಿಂಗಳೆಲ್ಲ ತೊಕುಜಿಗೆ ನೆಮ್ಮದಿಯಿರಲಿಲ್ಲ. ಮುದುಕನನ್ನು ಬಯಲಿಗೆಳೆಯಬೇಕೆಂದು ಹೊರಟಾಗ ಎಷ್ಟು ಸಲೀಸಾಗಿ ಮಾತು ಹೊಳೆದಿತ್ತು. ಈಗ ಮುದುಕನೇ ಬೇಡುತ್ತಿರುವಾಗ ಒಂದೂ ಹೊಳೆಯದು. ಕಟ್ಟುಹಲ್ಲು ಉಜ್ಜಿ ಹೊಳಪು ಕೊಡುತ್ತ ಯೋಚಿಸಿದ. ಎಲ್ಲರೂ ಜೋಪಾನವಾಗಿ ಮುಚ್ಚಿಟ್ಟದ್ದನ್ನು ಒಡೆದರೆ ಕುವಹರ ಮತ್ತೆ ಮಾತಾಡಿಸುತ್ತಾನೋ ಇಲ್ಲವೋ. ಮಾತು ಸ್ವಲ್ಪ ಜಾಸ್ತಿಯಾದರೆ ಮೇಷ್ಟರೇ ನೊಂದು ಎದ್ದುಹೋದರೆ? ಬೇಕು ಎಂದು ಕೇಳಿದವರೂ ಕೊಟ್ಟಾಗ ತಡೆದುಕೊಳ್ಳುವುದು ಕಷ್ಟ. ಹೆಂಡತಿಗೆ ಹೇಳಿದ. ಅವಳು, "ನಿಮ್ಮನ್ನ ಕಾಲುಚೀಲ ಅಂತ ಕರೆಯೋದು ನಿಂತ್ಹೋದ್ರೆ ಹೇಗನ್ಸುತ್ತೆ?" ಎಂದು ಕೇಳಿದಳು. ಸತ್ತೇ ಹೋದ ಹಾಗೆ ಅನಿಸುತ್ತದೆ ಎಂದು ಅವನಿಗೇ ಆಶ್ಚರ್ಯವಾಗುವಂತೆ ಗೊತ್ತಾಯಿತು.

ಡಿಸೆಂಬರಿನ ಕೂಟಕ್ಕೆ ಅವನು ತಡವಾಗಿಯೇ ಹೋದ. ಮೊದಲು ಗಲ್ಲಾಪೆಟ್ಟಿಗೆಯ ಹತ್ತಿರ ನಿಂತು ಕೊಕ್ಕೆಯಿಂದ ಇಯರ್‌ಫೋನು ಇಳಿಸಿ, ಎಲ್ಲರೂ ನೋಡುತ್ತಿರುವಂತೆ ಎಡಗಡೆಯ ಪ್ಲಗ್ಗು ಕಿತ್ತು ಸರಿಯಾಗಿ ತಿರುಗಿಸಿ ಹಾಕಿದ. ರಿತ್ಸುಕೊ ಬುಸುಗುಟ್ಟಿದಳು. ಆಮೇಲೆ ಮೇಜಿನ ಹತ್ತಿರ ಬಂದು, ಮೇಷ್ಟರ ಎಡಗಡೆಯ ಕುರ್ಚಿಯ ಮೇಲಿದ್ದ ಪತ್ರಿಕೆಗಳ ಕಟ್ಟನ್ನು ಎತ್ತಿ ನೆಲಕ್ಕಿಟ್ಟು, ಅಲ್ಲಿ ಕೂತ.

ಕುವಹರನ ಕೈಯಲ್ಲಿದ್ದ ಮೊಟ್ಟೆಯ ಸ್ಯಾಂಡ್‌ವಿಚ್ ಬಾಯಿಗೆ ಅರ್ಧ ದಾರಿಯಲ್ಲಿ ನಿಂತಿತು.

"ಅಣ್ಣ, ಈ ಕಡೆ ಜಾಗ ಇದೆ" ಎಂದಳು ಚಿನತ್ಸು, ಹಲ್ಲು ಕಚ್ಚಿಕೊಂಡು.

"ಇಲ್ಲೇ ಚೆನ್ನಾಗಿದೆ. ಇಲ್ಲಿಂದ ಏನು ಬೇಕಾದ್ರೂ ಬೈಬೋದು, ಇವ್ರಿಗೆ ಕೇಳ್ಸಲ್ಲ."

ಮೇಷ್ಟರು ಚಿನತ್ಸುವಿನ ಮುಖ ನೋಡಿ, ಏನೋ ನಡೆದಿದೆ ಎಂದು ತಿಳಿದು, ಇಡೀ ಮೈಯನ್ನು ಕುರ್ಚಿಯ ಸಮೇತ ಎಡಕ್ಕೆ ತಿರುಗಿಸಿದರು.

"ಏನಂದೆ?"

ತೊಕುಜಿ ಬಸ್ಸಿನ ಮೈಕಿನಷ್ಟೇ ಜೋರಾಗಿ ಹೇಳಿದ:

"ಇವತ್ತಿಂದ ನಿಮ್ಮ ಹೆಸರು ರೇಡಿಯೊ ಅಂದೆ, ಮೇಷ್ಟ್ರೇ! ಅಜ್ಜನ ಕಾಲದ ರೇಡಿಯೊ. ಇರೋದು ಒಂದೇ ಸ್ಪೀಕರು. ದಿನವಿಡೀ ವಟಗುಟ್ಟತ್ತೆ, ನಾವು ಹೇಳಿದ್ದು ಮಾತ್ರ ಒಂದೂ ಕೇಳಿಸ್ಕೊಳ್ಳಲ್ಲ!"

ಕುವಹರ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ಮೇಷ್ಟರ ಮುಖ ನಡುಗಿತು. ಗಲ್ಲ, ತುಟಿ, ಎಲ್ಲವೂ. ಅಯ್ಯೋ, ಅಳಿಸಿಬಿಟ್ಟೆ, ಎಂದುಕೊಂಡ ತೊಕುಜಿ. ಮರುಕ್ಷಣ ಅವರ ಹೊಟ್ಟೆಯೊಳಗಿಂದ ಎಂಥ ನಗು ಎದ್ದು ಬಂದಿತೆಂದರೆ, ಮೇಲಿನ ಸಾಲಿನ ಹಲ್ಲು ಜಾರಿ ಕಾಫಿ ಲೋಟದೊಳಗೆ ಬೀಳುವುದರಲ್ಲಿತ್ತು. ಅಂಗೈಯಲ್ಲಿ ಹಿಡಿದು ಒಳಕ್ಕೆ ತಳ್ಳಿಕೊಂಡು, ಕಣ್ಣೀರು ಒರೆಸುತ್ತ ಹೇಳಿದರು:

"ಈ ಹಲ್ಲು ಮಾಡಿದ ಕೈನೇ ತಾನೆ ಆ ಕೇಬಲ್ಲು ಮಾಡಿದ್ದು! ಎರಡೂ ಕೂರಲ್ಲ!"

"ಹಲ್ಲು ಸರಿಯಾಗೇ ಇದೆ. ಬಾಯಿ ಅತಿಯಾಗಿದೆ, ರೇಡಿಯೊ ಮೇಷ್ಟ್ರೇ."

ಮೊದಲು ಸೋತದ್ದು ಕುವಹರ. ಸ್ಯಾಂಡ್‌ವಿಚ್ಚಿನ ಮೊಟ್ಟೆ ಅವನ ಮೂಗಿಗೆ ಹತ್ತಿತು. ಚಿನತ್ಸು ಹಣೆಯನ್ನು ಮೇಜಿಗೆ ಇಟ್ಟುಕೊಂಡಳು, ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ರಿತ್ಸುಕೊ ಮೇಷ್ಟರ ಕಾಫಿಯನ್ನು ಬಲಗಡೆಯಿಂದ ಎತ್ತಿ ಎಡಗಡೆಗೆ ಧಡಕ್ಕನೆ ಇಟ್ಟು, "ಇಷ್ಟು ವರ್ಷದಿಂದ ಬಲಗಡೆಗೇ ಸುತ್ತಿ ಬಳಸ್ಕೊಂಡು ಬಂದು ಬಂದು ನನ್ನ ಕಾಲು ಬಿದ್ದುಹೋಗಿದೆ" ಎಂದು ಗದರಿದಳು. ಆಮೇಲೆ ಕಟ್ಟೆ ಒಡೆಯಿತು. ಹೋದ ವರ್ಷ ಒಂದು ತಾಮ್ರದ ಕೇಬಲ್ಲಿಗೆ ಬದನೆಕಾಯಿ ಉಪ್ಪಿನಕಾಯಿ ಎಂದಿರಲ್ಲ, ಅದು ಶುದ್ಧ ತಪ್ಪು ಎಂದಳು ಚಿನತ್ಸು. ತಪ್ಪು ಹೇಗೆ ಎಂದರು ಮೇಷ್ಟರು. ನಿಮಗೆ ಎಡಗಡೆಯ ಗಿಟಾರು ಕೇಳಿಸಿಲ್ಲ, ಅದು ಬದನೆಕಾಯಿಯಲ್ಲ ಎಂದಳು. ಕೇಳಿಸದಿದ್ದರೇನು, ವಾಸನೆ ಬಂದಿತು ಎಂದರು. "ರೇಡಿಯೊ, ಸ್ವಲ್ಪ ವಾಲ್ಯೂಮ್ ಕಮ್ಮಿ ಮಾಡಿ!" ಎಂದ ಕುವಹರ. ಅವತ್ತು ಒಂದು ಕೇಬಲ್ಲಿನ ತೀರ್ಪೂ ಆಗಲಿಲ್ಲ. ಬರೀ ಜಗಳವಾಯಿತು. ಮೇಷ್ಟರ ಮುಖ ಕೆಂಪೇರಿತ್ತು, ಕೂದಲು ಕೆದರಿತ್ತು, ವಯಸ್ಸು ಇಳಿದಂತೆ ಕಾಣುತ್ತಿದ್ದರು.

ಹೊರಗೆ ಬಂದಾಗ ಚಳಿ ಜೋರಾಗಿತ್ತು. ತೊಕುಜಿ ಮೇಷ್ಟರ ಎಡಗಡೆ ಸೇರಿಕೊಂಡು ಎಂದಿನಂತೆ ಶುರುಮಾಡಿದ. ಹೊಸ ಕೇಬಲ್ಲಿಗೆ ಯಾವ ತಂತಿ ತರಿಸಿದ್ದೇನೆ, ಹೆಂಡತಿ ಏನೆಂದಳು, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹುಡುಗಿಗೆ ಮದುವೆ ಗೊತ್ತಾಗಿದೆ, ಆವತ್ತಿನಿಂದ ನಿಮ್ಮನ್ನು ನೆನೆದು ಎಷ್ಟು ಹೆದರಿದ್ದೆ, ಇವತ್ತು ಎಷ್ಟು ಖುಷಿಯಾಗಿದೆ. ಕೈ ಬೀಸಿಕೊಂಡು ನಿಲ್ದಾಣದವರೆಗೂ ಹೇಳಿದ. ಮೇಷ್ಟರಿಗೆ ಒಂದಕ್ಷರವೂ ಕೇಳಿಸಲಿಲ್ಲ. ಎಲ್ಲದಕ್ಕೂ ಹೂಂ ಎಂದರು.